ದೊಡ್ಡಮ್ಮ ಆರಿಸಿದ ಲೋಡು

ಈಗ ತಾನೇ ಮಹಡಿಯ ಮೇಲೆ ದಡ್ ಎಂದು ಸದ್ದಾಯಿತು. ಗಾಬರಿಯಾಗಬೇಡಿ, ಮನೆ ಬೀಳುತ್ತಿಲ್ಲ, ನನ್ನ ಮೊಮ್ಮಗ ವ್ಯಾಯಾಮ ಮಾಡುತ್ತಿದ್ದಾನೆ. ಹೋದ ವಾರ ಹಾಸನಕ್ಕೆ ಹೋಗಿ ಕಬ್ಬಿಣದ ಡಂಬೆಲ್ಸು, ಉದ್ದನೆಯ ಸರಳು, ಅದರ ಎರಡು ತುದಿಗೂ ಸಿಕ್ಕಿಸುವ ಗಾಲಿಯಂಥ ತೂಕಗಳು ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಬಂದ. ಮೇಲಕ್ಕೆ ಸಾಗಿಸುವಷ್ಟರಲ್ಲಿ ಆಟೋದವನಿಗೂ ಅವನಿಗೂ ಅರ್ಧ ವ್ಯಾಯಾಮ ಆಗಿಹೋಗಿತ್ತು. "ಇನ್ನೂ ಭಾರದ್ದು ತಗೋಬೇಕಿತ್ತು ಅಲ್ವಾ ತಾತ?" ಎಂದು ಕೇಳಿದ. ನನ್ನನ್ನು ಕೇಳಿದ, ನೋಡಿ! ಜೀವಮಾನದಲ್ಲಿ ನಾನು ಎತ್ತಿದ ಅತಿ ಭಾರದ ವಸ್ತುವೆಂದರೆ ಸ್ಕೂಲಿನ ಹಾಜರಿ ಪುಸ್ತಕ.

ಎತ್ತುವ ವಿಷಯದಲ್ಲಿ ನಾನು ಸೊನ್ನೆ, ಒಪ್ಪಿದೆ. ಆದರೆ ಆರಿಸುವ ವಿಷಯ ಬಂದರೆ ನಾನು ಸುಮ್ಮನಿರುವವನಲ್ಲ. ಸಾಮಿನ, ಅಂದರೆ ವ್ಯಾಯಾಮದ, ಸಾಮಾನು ಆರಿಸುವುದರಲ್ಲಿ ಎತ್ತಿದ ಕೈಯಾಗಿದ್ದವರನ್ನು ಹತ್ತಿರ ನಿಂತು ನೋಡಿದ್ದೇನೆ. ಅವರು ಪೈಲ್ವಾನರಲ್ಲ, ನನ್ನ ದೊಡ್ಡಮ್ಮ. ಆಕೆ ಗರಡಿಮನೆಯ ಹೊಸ್ತಿಲನ್ನು ಒಂದು ದಿನವೂ ದಾಟಿದವಳಲ್ಲ. ಹೆಂಗಸರು ಗರಡಿಯ ಒಳಗೆ ಕಾಲಿಡುವ ಪದ್ಧತಿಯೇ ಆಗ ಇರಲಿಲ್ಲ.

ಆಗ ಮಹಾರಾಜರ ಕಾಲ. ಎರಡನೇ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಹಳೇಬೀಡಿನ ಸ್ಕೂಲಿನಲ್ಲಿ ನನಗೆ ಹೊಸದಾಗಿ ಮೇಷ್ಟರ ಕೆಲಸ ಸಿಕ್ಕಿತ್ತು. ಉಳಿದುಕೊಳ್ಳಲು ದೊಡ್ಡಪ್ಪನ ಮನೆ. ದೊಡ್ಡಪ್ಪ ಕಾಳೇಗೌಡರು ಊರ ಗರಡಿಗೆ ಉಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು. ಹಳೇಬೀಡಿಗೆ ಬರುವವರಲ್ಲಿ ಎರಡು ಥರ: ದೇವಸ್ಥಾನ ನೋಡಲು ಬರುವವರು, ದೊಡ್ಡಪ್ಪನ ತೋಳು ನೋಡಲು ಬರುವವರು. ಎರಡನ್ನೂ ನೋಡಿದವರು ಬೇಲೂರಿನ ಬಸ್ಸಿನಲ್ಲಿ ಕೂತು ಯಾವುದರ ಕೆತ್ತನೆ ಹೆಚ್ಚು ಎಂದು ವಾದ ಮಾಡುತ್ತಿದ್ದರಂತೆ. ಇದನ್ನು ಹೇಳಿದವನು ಶಿವಣ್ಣ. ಅವನು ದೊಡ್ಡಪ್ಪನ ಹಿರಿಯ ಶಿಷ್ಯ, ಗುರುಭಕ್ತಿ ಸ್ವಲ್ಪ ಹೆಚ್ಚು, ಆದ್ದರಿಂದ ನೀವು ಅರ್ಧ ನಂಬಿದರೆ ಸಾಕು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಚ್ಚಲಿಂದ ಬಂದ ದೊಡ್ಡಪ್ಪ ಅಲ್ಲೇ ಗೋಡೆಗೆ ಒರಗಿ ಕುಸಿದರು. ಲಕ್ವ ಹೊಡೆದಿತ್ತು. ಪಂಡಿತರ ಎಣ್ಣೆ, ಕಷಾಯ, ದೊಡ್ಡಮ್ಮನ ಆರೈಕೆ ಎಲ್ಲ ಸೇರಿ ಮಾತು ಬಂತು, ಕಾಲೂ ಬಂತು. ಬಲಗೈ ಮಾತ್ರ ಹಿಂದೆ ಉಳಿಯಿತು. ಬೆರಳು ಮಡಿಸುವಷ್ಟು ಆಗುತ್ತಿತ್ತು, ಅದರಾಚೆಗೆ ಕೈಯಲ್ಲಿ ಕಸುವೇ ಇಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ದೊಡ್ಡಪ್ಪನಿಗೆ ಅದು ಗಾದೆಯಾಗಿ ಉಳಿದಿರಲಿಲ್ಲ. ಎಡಗೈಯಲ್ಲಿ ಉಣ್ಣಲು ಅವರು ಒಪ್ಪಲಿಲ್ಲ. ದೊಡ್ಡಮ್ಮ ಒಳಮನೆಯ ಬಾಗಿಲು ಹಾಕಿಕೊಂಡು ತುತ್ತು ಮಾಡಿ ತಿನ್ನಿಸಬೇಕು, ಅದನ್ನು ಯಾರೂ ನೋಡಬಾರದು. ಹೊರಗೆ ಹೆಜ್ಜೆ ಸದ್ದಾದರೆ ಬಾಯಿ ಮುಚ್ಚಿಬಿಡುತ್ತಿದ್ದರು. ಗರಡಿಯ ಶಿಷ್ಯರು ಹೊತ್ತಲ್ಲದ ಹೊತ್ತಿನಲ್ಲಿ ಬರುವವರು, ಹೀಗಾಗಿ ಮುಕ್ಕಾಲು ಊಟ ತಟ್ಟೆಯಲ್ಲೇ ಉಳಿಯುತ್ತಿತ್ತು. ಬೆಟ್ಟದಂಥ ಮನುಷ್ಯ ನಾಚಿಕೆಯಿಂದಲೇ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದರು. "ಕೈಗೆ ಬಲ ಬರ್ದಿದ್ರೂ ಹೋಗ್ಲಿ, ಹೊಟ್ಟೆಗ್ ಹೋಗ್ಬೇಕಲ್ಲ ಮಗ" ಎಂದು ದೊಡ್ಡಮ್ಮ ಒಂದು ಸಂಜೆ ನನ್ನ ಮುಂದೆ ಅತ್ತಳು. ಆಕೆ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಶಿಷ್ಯರೂ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನಿಂದ ಕಬ್ಬಿಣದ ಡಂಬೆಲ್ಸು ತರಿಸಿ ಉಸ್ತಾದರ ಕೈಗೆ ಸಾಮು ಮಾಡಿಸುವುದು ಎಂದು ಗರಡಿಯಲ್ಲಿ ತೀರ್ಮಾನವಾಯಿತು. ಇಂಗ್ಲಿಷ್ ಬಲ್ಲವನೆಂದು ಕ್ಯಾಟಲಾಗು ನೋಡಿ ಆರಿಸುವ ಗೌರವ ನನ್ನ ಪಾಲಿಗೆ ಬಂತು. ಅದರಲ್ಲಿ ಮೀಸೆ ಹುರಿ ಮಾಡಿದ ಬಿಳಿಯನೊಬ್ಬ ಹುಲಿಯ ಚರ್ಮ ಉಟ್ಟು ನಿಂತಿದ್ದ. ಅವನ ಕೈಯಲ್ಲಿ ಯಾವುದಿತ್ತೋ ಅದನ್ನೇ ಬರೆದು ಕಳಿಸಿದೆ. ಸಣ್ಣದು ತರಿಸಿದರೆ ಉಸ್ತಾದರಿಗೆ ಅವಮಾನ ಎಂಬುದರಲ್ಲಿ ನಮ್ಮ ಯಾರಿಗೂ ಅನುಮಾನವಿರಲಿಲ್ಲ. ಪಾರ್ಸಲ್ಲು ಬಿಡಿಸಿಕೊಳ್ಳಲು ನಾನೂ ಶಿವಣ್ಣನೂ ಅರಸೀಕೆರೆ ಸ್ಟೇಷನ್ನಿಗೆ ಹೋದೆವು. ಅದನ್ನು ಎತ್ತಲು ಬಂದ ಕೂಲಿಯವನು, "ಏನ್ ಸ್ವಾಮಿ, ರೈಲು ಹಳೀನೇ ಕಿತ್ತು ಕಟ್ಟಿಸ್ಕೊಂಡವ್ರಾ?" ಎಂದ. ಜಾವಗಲ್ಲಿನ ದಾರಿಯುದ್ದಕ್ಕೂ ಬಸ್ಸಿನ ಟಾಪಿನ ಮೇಲೆ ಅದು ಗುಡುಗುತ್ತಲೇ ಇತ್ತು.

ಮನೆಗೆ ತಂದು ದೊಡ್ಡಪ್ಪನ ಮುಂದಿಟ್ಟೆವು. ಅವರ ಕಣ್ಣು ಅರಳಿತು. ಶಿವಣ್ಣ ಬೆರಳುಗಳನ್ನು ಒಂದೊಂದಾಗಿ ಸುತ್ತಿಸಿ ಹಿಡಿಸಿದ. ಎಲ್ಲಿತ್ತೋ ಛಲ, ಮೊಣಕಾಲ ಮಟ್ಟಕ್ಕೆ ಎತ್ತಿಯೇಬಿಟ್ಟರು. ಆಮೇಲೆ ಕೈ ಸೋತು, ಸಾರಿಸಿದ ಮಣ್ಣಿನ ನೆಲದಲ್ಲಿ ಗುಳಿ ಬೀಳುವಂತೆ ಅದು ಕೆಳಗೆ ಬಿತ್ತು. ದೊಡ್ಡಪ್ಪ ಗೋಡೆಯ ಕಡೆ ಮುಖ ತಿರುಗಿಸಿ, "ತಕೊಂಡ್ ಹೋಗ್ರಲಾ" ಎಂದರು. ಅವತ್ತು ರಾತ್ರಿ ಊಟವನ್ನೇ ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಗುಳಿಗೆ ಮಣ್ಣು ಮೆತ್ತಿ, ಸೆಗಣಿ ಸಾರಿಸಿ, ಕೈ ತೊಳೆದುಕೊಂಡು ಶಿವಣ್ಣನನ್ನು ಕರೆಸಿದಳು. "ಗರಡೀಲಿ ಏನೇನ್ ಸಾಮಾನೈತೋ ಅಷ್ಟನ್ನೂ ಅಂಗಳಕ್ಕೆ ತತ್ತಾ."

"ಅಷ್ಟನ್ನೂವಾ ಅವ್ವಾ?"

"ನಾನು ಅಲ್ಲಿಗ್ ಬರಂಗಿಲ್ವಲ್ಲ. ಅವೇ ಇಲ್ಲಿಗ್ ಬರ್ಲಿ."

ಆ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಉದ್ದನೆಯ ಹಿಡಿಯ ತುದಿಗೆ ಕಲ್ಲು ಕೂರಿಸಿದ ಗದೆಗಳು ಬಂದವು. ಬುಡ ದಪ್ಪ ಕತ್ತು ಸಣ್ಣವಾದ, ಹೆಗಲ ಸುತ್ತ ತಿರುಗಿಸುವ ಮರದ ಲೋಡುಗಳು ಜೋಡಿ ಜೋಡಿಯಾಗಿ ಬಂದವು. ಎಲ್ಲಕ್ಕೂ ಕೊನೆಯಲ್ಲಿ, ಎದೆಗೆತ್ತಿ ಬಿಸಾಡುವ ಗುಂಡುಕಲ್ಲನ್ನು ಬೀದಿಯಲ್ಲಿ ಉರುಳಿಸಿಕೊಂಡು ಬಂದರು. ಅಂಗಳದಲ್ಲಿದ್ದ ಕೋಳಿಗಳೆಲ್ಲ ಮಾಡು ಹತ್ತಿದವು. ಪೈಲ್ವಾನರು ಸಾಲಾಗಿ ಕೈಕಟ್ಟಿ ನಿಂತರು. ನನ್ನ ಕ್ಲಾಸಿನಲ್ಲಿ ಇಷ್ಟು ಶಿಸ್ತನ್ನು ನಾನು ಎಂದೂ ಕಂಡಿರಲಿಲ್ಲ.

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದನ್ನೇ ಎಡಗೈಯಲ್ಲಿ ಎತ್ತಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಳಿಸುತ್ತ ಹೋದಳು. ಎಡಗೈ ಯಾಕೆ ಎಂದು ಕೇಳಿದೆ.

"ನನ್ ಬಲಗೈ ಮುದ್ದೆ ತಿರುವಿ ತಿರುವಿ ಕಲ್ಲಾಗೈತೆ. ಅದ್ಕೇನ್ ಗೊತ್ತು ಬಲ ಇಲ್ದೋರ ಕಷ್ಟ?"

ಎತ್ತುವಾಗ ಆಕೆ ಅಷ್ಟಾಗಿ ಗಮನ ಕೊಡುತ್ತಿರಲಿಲ್ಲ. ಇಳಿಸುವಾಗ ಮಾತ್ರ ಕಣ್ಣು ಮುಚ್ಚಿ ಕಿವಿಗೊಡುವಳು. ಟಪ್ ಎಂದರೆ, "ಬ್ಯಾಡ, ಅತ್ಲಾಗಿಕ್ಕು." ಟಕ್ ಎಂದರೂ ಅಷ್ಟೇ. ಶಿವಣ್ಣನಿಗೆ ತಡೆಯಲಾಗಲಿಲ್ಲ. "ಅವ್ವಾ, ಎತ್ತಕ್ಕಾಯ್ತಲ್ಲ, ಇನ್ನೇನು?" ಎಂದ.

"ಎತ್ತೋದ್ರಾಗೇನೈತ್ಲಾ? ಸಿಟ್ಟು ಬಂದ್ರೆ ಯಾರ್ ಬೇಕಾದ್ರೂ ಎತ್ತುತಾರೆ. ಸದ್ದಿಲ್ದಂಗೆ ಇಳ್ಸಕ್ಕಾದ್ರೆ ಅದು ನಮ್ ಕೈಯಳತೇದು. ತುಂಬಿದ್ ಕೊಡಾನ ತಲೆಯಿಂದ ದಪ್ ಅಂತ ಇಳ್ಸಿದ್ರೆ ಮನೇಲಿ ಕೊಡ ಉಳೀತದಾ? ಎಲ್ಲಿ, ನೀನೇ ಆ ಗುಂಡು ಎತ್ತಿ ಸದ್ದಿಲ್ದಂಗೆ ಇಕ್ಕು ನೋಡಾವ."

ಶಿವಣ್ಣ ಗುಂಡುಕಲ್ಲನ್ನು ಎದೆಗೆತ್ತಿದ. ಇಳಿಸುವಾಗ ಮುಖ ಕೆಂಪಾಯಿತು, ಕಾಲು ನಡುಗಿತು, ನೆಲವೂ ನಡುಗಿತು. "ಅದು ನಿಂದೂ ಅಲ್ಲ ಬಿಡ್ಲಾ" ಎಂದು ದೊಡ್ಡಮ್ಮ ಮುಂದಕ್ಕೆ ಹೋದಳು. ಪೈಲ್ವಾನರಲ್ಲಿ ಒಬ್ಬನೂ ನಗಲಿಲ್ಲ, ಮುಂದಿನ ಸರದಿ ತಮ್ಮದೇ ಆಗಬಹುದೆಂಬ ಭಯ.

ಅಂಗಳದ ಸಾಮಾನು ಮುಗಿಯಿತು, ದೊಡ್ಡಪ್ಪನ ಕೈಗೆ ಒಂದೂ ಹೊಂದಲಿಲ್ಲ. ಆಕೆ ಒಳಗೆ ಹೋಗಿ ಮುದ್ದೆ ತಿರುವುವ ಕೋಲು ತಂದು ಕಲ್ಲಿನ ಮೇಲಿಟ್ಟಳು. ಸದ್ದೇ ಇಲ್ಲ. "ಇದು ಸರಿಯಾದ ತೂಕ" ಎಂದಳು. ಹಜಾರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ದೊಡ್ಡಪ್ಪನ ದನಿ ಬಂತು: "ಉಸ್ತಾದ ಮುದ್ದೆಕೋಲ್ ಹಿಡ್ದು ಸಾಮು ಮಾಡ್ದ ಅಂತ ಊರೋರ್ ಆಡ್ಕೋಬೇಕಾ? ನನ್ ಕೈ ಹಿಂಗೇ ಇರ್ಲಿ ಬಿಡು."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಜಗಳಕ್ಕೆ ನಿಲ್ಲುತ್ತಿದ್ದರು. ದೊಡ್ಡಮ್ಮ ಕೋಲನ್ನು ಒಳಗಿಟ್ಟು ಬಂದಳು, ಅಷ್ಟೇ. ಮೂರನೆಯ ದಿನ ನನ್ನನ್ನು ಬಿಕ್ಕೋಡಿನ ಕಡೆಗೆ ಕಳಿಸಿದಳು. ಅಲ್ಲಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಹಾಲುವಾಣದ ಮರ ಬೆಳೆಸುತ್ತಾರಲ್ಲ, ಅದರ ಒಣಗಿದ ತುಂಡೊಂದು ಬೇಕಂತೆ. ಹಾಲುವಾಣ ಎಂದರೆ ಬೆಂಡಿನ ಹಾಗೆ ಹಗುರ, ಒಲೆಗೂ ದಂಡ. ಸೈಕಲ್ಲಿನ ಹಿಂದೆ ಅದನ್ನು ಕಟ್ಟಿಕೊಂಡು ಬರುತ್ತಿದ್ದಾಗ ದಾರಿಯಲ್ಲಿ ಸಿಕ್ಕವರೆಲ್ಲ, "ಮೇಷ್ಟ್ರಿಗೆ ಬೇರೆ ಸೌದೆ ಸಿಗ್ಲಿಲ್ವಾ?" ಎಂದು ಕಾಲೆಳೆದರು.

ಆಕೆ ಅದನ್ನು ಬಡಗಿಯ ಮುಂದಿಟ್ಟು ಲೋಡು ಮಾಡಲು ಹೇಳಿದಳು. ಬಡಗಿ ನಕ್ಕು, "ಆಟದ್ದಾ ಅವ್ವಾ?" ಎಂದ. "ಉಸ್ತಾದ್ರದ್ದು. ಬುಡ, ಕತ್ತು, ಹಿಡಿ ಎಲ್ಲಾ ಗರಡಿ ಲೋಡಿನಂಗೇ ಇರ್ಬೇಕು. ಅಳತೆ ಮಾತ್ರ ಒಂದಿಷ್ಟು ಸಣ್ಣದು" ಎಂದಳು. ಬಡಗಿಯ ನಗು ನಿಂತಿತು. ಲೋಡು ತಯಾರಾದ ಮೇಲೆ ಎಳ್ಳೆಣ್ಣೆ ಕುಡಿಸಿ ಕಪ್ಪಾಗಿಸಿದರು. ಹೊರನೋಟಕ್ಕೆ ಎಷ್ಟೋ ತಲೆಮಾರು ಕಂಡ ಗಟ್ಟಿ ಲೋಡು, ತೂಕದಲ್ಲಿ ಮುದ್ದೆಕೋಲು! ಕೈಗೆ ತೂಕ ಎಷ್ಟು ಬೇಕೋ ಮಾನಕ್ಕೆ ಆಕಾರವೂ ಅಷ್ಟೇ ಬೇಕು ಎಂದು ಆಕೆಗೆ ಯಾರು ಕಲಿಸಿದರೋ ಕಾಣೆ. ಹುಲಿಚರ್ಮದ ದೊರೆಯನ್ನು ನಂಬಿದ್ದ ನಾನು ಮನಸ್ಸಿನಲ್ಲೇ ಆಕೆಗೆ ಕೈಮುಗಿದೆ.

ಶಿವಣ್ಣ ಅದನ್ನು ಗರಡಿಗೆ ಒಯ್ದು, ಆಂಜನೇಯನ ಮುಂದಿಟ್ಟು, ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ತಂದ.

"ಯಾರ್ದ್ಲಾ ಇದು?" ಎಂದರು ದೊಡ್ಡಪ್ಪ.

"ನಿಮ್ದೇ ಉಸ್ತಾದ್ರೇ. ಗರಡೀದು."

ದೊಡ್ಡಪ್ಪ ಎಡಗೈಯಲ್ಲಿ ತೆಗೆದುಕೊಂಡರು. ಕೈಗೆ ಬಂದೊಡನೆ ಅವರಿಗೆ ಎಲ್ಲವೂ ತಿಳಿದುಹೋಯಿತು, ಮುಖದಲ್ಲೇ ಕಂಡಿತು. ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಪಾತ್ರೆಯ ಸದ್ದು ನಿಂತಿತ್ತು. ದೊಡ್ಡಪ್ಪ ಲೋಡನ್ನು ತಿರುಗಿಸಿ ತಿರುಗಿಸಿ ನೋಡಿ, "ಕತ್ತು ಚೆನ್ನಾಗ್ ತೆಗ್ದವ್ನೆ" ಎಂದರು. ಆಮೇಲೆ ಅದನ್ನು ನಿಧಾನವಾಗಿ ಬಲಗೈಗೆ ಬದಲಾಯಿಸಿಕೊಂಡರು.

ಅಂದಿನಿಂದ ಬೆಳಿಗ್ಗೆ ಸಂಜೆ ಹಜಾರದಲ್ಲಿ ಸಾಮು. ಎತ್ತುವುದು, ಹಲಗೆಯ ಮೇಲೆ ಇಳಿಸುವುದು. ದೊಡ್ಡಮ್ಮ ಒಲೆಯ ಮುಂದೆ ಕೂತೇ ಪರೀಕ್ಷೆ ಮಾಡುವಳು. "ಕೇಳುಸ್ತು!" ಎಂದು ಅಲ್ಲಿಂದಲೇ ಕೂಗುವಳು. "ಬೆಕ್ಕು ಕಣೇ ಅದು!" ಎಂದು ಇಲ್ಲಿಂದ ಉತ್ತರ. ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಸದ್ದು ಪೂರ್ತಿ ನಿಂತ ಮೇಲೆ ಆಕೆ ಹಲಸಿನ ಮರದಲ್ಲಿ ಇನ್ನೊಂದು ಲೋಡು ಮಾಡಿಸಿದಳು. ಅದೂ ಪಳಗಿದ ಮೇಲೆ ಜಾವಗಲ್ಲಿನ ಬಯಲಿನಿಂದ ಜಾಲಿಯ ತುಂಡು ತರಿಸಿದಳು, ಜಾಲಿ ಕಬ್ಬಿಣಕ್ಕೆ ತಮ್ಮ. ಮೂರಕ್ಕೂ ಅದೇ ಅಳತೆ, ಅದೇ ಬಣ್ಣ. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಉಸ್ತಾದರ ಕೈಯಲ್ಲಿ ಮೊದಲಿನಿಂದಲೂ ಇದ್ದದ್ದು ಒಂದೇ ಲೋಡು.

ಒಂದು ಮಧ್ಯಾಹ್ನ ನಾನು ಸ್ಕೂಲಿನಿಂದ ಊಟಕ್ಕೆ ಬಂದಾಗ ದೊಡ್ಡಪ್ಪ ಒಳಮನೆಗೆ ಹೋಗದೆ ಹಜಾರದಲ್ಲೇ ಮಣೆ ಹಾಕಿಸಿಕೊಂಡು ಕೂತಿದ್ದರು. ಶಿವಣ್ಣನೂ ಇದ್ದ. ದೊಡ್ಡಮ್ಮ ಮುದ್ದೆ ಇಕ್ಕಿ, ಸಾರು ಬಿಟ್ಟು, ಎಂದಿನಂತೆ ಪಕ್ಕದಲ್ಲಿ ಕೂತು ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿದಳು. ಅಷ್ಟರಲ್ಲಿ ದೊಡ್ಡಪ್ಪನ ಬಲಗೈ ತಟ್ಟೆಗೆ ಇಳಿಯಿತು. ಮುದ್ದೆ ಮುರಿಯಿತು, ಅದ್ದಿತು, ನಡುಗುತ್ತ ನಡುಗುತ್ತ ಮೇಲೆದ್ದು ಬಾಯಿ ಸೇರಿತು. ಮೀಸೆಯ ಮೇಲೆ ಸಾರು ಇಳಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ, ಇನ್ನೊಂದು ತುತ್ತು ಮುರಿದರು.

ದೊಡ್ಡಮ್ಮನ ಕೈ ತುತ್ತಿನ ಸಮೇತ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಅಷ್ಟು ತಿಂಗಳು ಎರಡು ಹೊತ್ತೂ ಒಂದೇ ದಾರಿಯಲ್ಲಿ ಹೋಗಿ ಬಂದ ಕೈ, ಈಗ ಎಲ್ಲಿಗೆ ಹೋಗಬೇಕು? ಆಕೆ ಸುತ್ತ ನೋಡಿದಳು. ಆಮೇಲೆ ಆ ತುತ್ತನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ಗಂಡ ಉಣ್ಣುವಾಗ ಅದೇ ತಟ್ಟೆಗೆ ಕೈ ಹಾಕಿ ಹೆಂಡತಿ ಉಂಡದ್ದನ್ನು ನಾನು ನಮ್ಮ ಕಡೆ ಅದಕ್ಕೆ ಮುಂಚೆ ನೋಡಿರಲಿಲ್ಲ. ಶಿವಣ್ಣ ತಲೆ ತಗ್ಗಿಸಿದ.

"ಸಾರಿಗೆ ಉಪ್ಪು ಕಮ್ಮಿ ಐತೆ ಕಣೇ" ಎಂದರು ದೊಡ್ಡಪ್ಪ. ತಿನ್ನಿಸಿಕೊಳ್ಳುತ್ತಿದ್ದ ಅಷ್ಟು ದಿನವೂ ಅಡುಗೆಗೆ ಅವರು ಒಂದು ಹೆಸರಿಟ್ಟವರಲ್ಲ.

ಬಾಯ್ತುಂಬ ಮುದ್ದೆ, ಕಣ್ತುಂಬ ನೀರು. ದೊಡ್ಡಮ್ಮ ನುಂಗಿಕೊಂಡು, "ಹೂಂ, ಕಮ್ಮೀನೇ ಐತೆ" ಎಂದಳು. ಉಪ್ಪು ತರಲು ಮಾತ್ರ ಏಳಲಿಲ್ಲ. ಇಬ್ಬರೂ ಆ ಸಪ್ಪೆ ಸಾರಿನಲ್ಲೇ ಊಟ ಮುಗಿಸಿದರು.

ಇದನ್ನು ನಾನು ಈ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಯಾವಾಗಲೂ ದೊಡ್ಡಪ್ಪನ ಛಲದ ಕಥೆಯಾಗಿ. ಇವತ್ತು ಬರೆಯಲು ಕೂತಾಗ ಕಣ್ಣಿಗೆ ಬರುತ್ತಿರುವುದು ಗಾಳಿಯಲ್ಲಿ ನಿಂತ ಆ ಕೈ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಈ ವಯಸ್ಸಿನಲ್ಲೂ ನಾನು ಉಂಡೆದ್ದ ಮೇಲೆಯೇ ಉಣ್ಣುವುದು. ನಾನು ಅದರ ಬಗ್ಗೆ ಒಂದು ದಿನವೂ ಯೋಚನೆ ಮಾಡಿದವನಲ್ಲ. ಅಗೋ, ಊಟಕ್ಕೆ ಕರೆಯುತ್ತಿದ್ದಾಳೆ. ಇವತ್ತು ಅವಳ ತಟ್ಟೆಯನ್ನೂ ನಾನೇ ಹಾಕುತ್ತೇನೆ. ಇದೇನು ಹೊಸ ನಾಟಕ ಎಂದು ಅವಳು ಅನುಮಾನಪಡುವುದು ಖಂಡಿತ. ಪಡಲಿ. ಕೂರಿಸದೆ ಬಿಡುವುದಿಲ್ಲ.