ಚಿಗರಿಗಳು ತಲೆ ಎತ್ತಿದ ಹೊತ್ತು

ಮೂಕಪ್ರಾಣಿಗಳಿಗೆ ಕೆಟ್ಟದ್ದು ಮೊದಲೇ ತಿಳಿಯುತ್ತದೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ನಾಯಿ ಊಳಿಟ್ಟರೆ ಅದಕ್ಕೆ ಹಸಿವೆ, ಅಷ್ಟೇ ಎನ್ನುವವಳು ನಾನು. ಈಗಲೂ ಪೂರ್ತಿ ನಂಬಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೆ ತಿಳಿದಂತೆ ತಿಳಿದುಕೊಳ್ಳಿ.

ನಾನು ಇರುವುದು ಕಲಬುರಗಿಯ ಕಪನೂರಿನಲ್ಲಿ, ಬೇಳೆ ಮಿಲ್ಲಿನ ಗೋಡೆಗೆ ಹತ್ತಿದ ಮನೆಯಲ್ಲಿ. ಮೊದಲ ವರ್ಷ ಯಂತ್ರದ ಸದ್ದಿಗೆ ನಿದ್ದೆ ಬರಲಿಲ್ಲ. ಆಮೇಲೆ ಯಂತ್ರ ನಿಂತರೆ ಎಚ್ಚರವಾಗತೊಡಗಿತು. ಹಾಗಾಗಿ ಕಮಲಾಪುರದಲ್ಲಿ ನನ್ನ ತಮ್ಮ ಮಾಣಿಕಪ್ಪನ ಹೊಲಕ್ಕೆ ಮೇಯಲು ಬರುವ ಚಿಗರಿಗಳು, ಅಂದರೆ ಜಿಂಕೆಗಳು, ಬಂದೂಕಿನ ಸದ್ದಿಗೆ ಹೊಂದಿಕೊಂಡದ್ದು ನನಗೆ ಆಶ್ಚರ್ಯ ಅನಿಸಲಿಲ್ಲ.

ಬಂದೂಕು ಎಂದರೆ ನಿಜವಾದದ್ದಲ್ಲ. ಗಿಡ್ಡನೆಯ ಪ್ಲಾಸ್ಟಿಕ್ ಪೈಪು. ಒಳಗೆ ಕಾರ್ಬೈಡ್ ಹರಳು ಹಾಕಿ, ನೀರು ಚಿಮುಕಿಸಿ, ಗ್ಯಾಸು ತುಂಬಿದಾಗ ಹಿಂದಿನ ಲೈಟರ್ ಒತ್ತಿದರೆ ಕಿವಿ ಗಡಚಿಕ್ಕುವ ಹಾಗೆ ಸಿಡಿಯುತ್ತದೆ. ಮೊದಮೊದಲು ಚಿಗರಿಗಳು ಗುಡ್ಡ ದಾಟಿ ಓಡುತ್ತಿದ್ದವು. ಆಮೇಲೆ ಬದುವಿನ ತನಕ. ನಾನು ಕಡಲೆ ಕಾಯಲು ಹೋದ ವರ್ಷ ಕಿವಿಯನ್ನೂ ಅಲ್ಲಾಡಿಸದೆ ಮೇಯುತ್ತಿದ್ದವು. ಕೂಗಿ ಕೂಗಿ, ಊಟದ ತಾಟು ಬಡಿದು ಬಡಿದು ನನಗೂ ಸಾಕಾಗಿತ್ತು.

ಒಂದು ಸಂಜೆ, ಇನ್ನೂ ಬೆಳಕಿತ್ತು. ತಮ್ಮ ಲೈಟರ್ ಒತ್ತಿದ. ಸಿಡಿಯಲಿಲ್ಲ.

“ಬಿಡೋ ಮಾಣಿಕ, ಅವಕ್ಕ ನಿನ ಬಂದೂಕಂದ್ರ ಊಟದ ಗಂಟಿ ಆಗ್ಯಾದ,” ಎಂದೆ.

“ನೀನರೆ ಒಂದಿಷ್ಟು ಬೈಯಕ್ಕಾ. ನಿನ ಬಾಯಿಗಿ ಮಾವನೇ ಅಂಜತಿದ್ದ, ಚಿಗರಿ ಅಂಜಲ್ದೇನು?”

ಮಾವ ಎಂದರೆ ಸತ್ತ ನನ್ನ ಗಂಡ. ಹಾಗೆ ನಗುತ್ತಲೇ ತಮ್ಮ ಪೈಪು ತಿರುಗಿಸಿ, ಒಳಗೆ ಏನು ಸಿಕ್ಕಿದೆಯೋ ಎಂದು ಅದರ ಬಾಯಿಗೆ ಕಣ್ಣಿಟ್ಟ. ಬೆರಳು ಲೈಟರಿನ ಮೇಲೇ ಇತ್ತು, ಟಕ್ ಟಕ್ ಒತ್ತುತ್ತಿದ್ದ. ಸಿಡಿಯದಿದ್ದರೆ ಎಲ್ಲರೂ ಮಾಡುವುದು ಇದನ್ನೇ. ಪಕ್ಕದ ಹೊಲದವನ ಒಂದು ಕಣ್ಣು ಹೀಗೇ ಹೋಗಿತ್ತು. ನಾನು ಬೇಡ ಎನ್ನಬೇಕು, ಅಷ್ಟರಲ್ಲಿ ಚಿಗರಿಗಳೆಲ್ಲ ಒಮ್ಮೆಲೇ ತಲೆ ಎತ್ತಿ ನಮ್ಮ ಕಡೆ ನೋಡಿದವು. ಮರುಗಳಿಗೆಗೆ ಗುಡ್ಡದ ಕಡೆ ಹಾರಿದವು.

“ಅರೆ, ಯಾಕ ಓಡ್ಲತ್ಯಾವ?” ಎಂದು ತಮ್ಮ ಮುಖ ಎತ್ತಿದ.

ಆಗ ಸಿಡಿಯಿತು. ತಲೆಗೆ ಸುತ್ತಿದ ರುಮಾಲಿನ ಅಂಚು ಸುಟ್ಟಿತು. ಕಣ್ಣು ಉಳಿದವು.

ಗ್ಯಾಸಿನ ವಾಸನೆ ಹೊಡೆದಿರಬೇಕು ಎಂದರು ಕೆಲವರು. ಆ ವಾಸನೆ ಅವಕ್ಕೆ ದಿನವೂ ಹೊಡೆಯುತ್ತಿತ್ತು. ನಾಯಿ ಬಂದಿರಬೇಕು ಎಂದರು. ನಾಯಿ ನನ್ನ ಕಾಲ ಹತ್ತಿರ ಮಲಗಿತ್ತು. ಚಿಗರಿಗಳಿಗೆ ನಮ್ಮ ಮೇಲೆ ಮಮತೆ ಎಂದು ನಾನಂತೂ ಹೇಳಲಾರೆ. ಅರ್ಧ ಕಡಲೆ ತಿಂದದ್ದು ಅವೇ. ಸಿಡಿದ ಸದ್ದಿಗೆ ಅಂಜದವು, ಸಿಡಿಯುವ ಮೊದಲೇ ಏನು ಕೇಳಿ ಓಡಿದವೋ ನನಗೆ ಗೊತ್ತಿಲ್ಲ.

ತಮ್ಮ ಆ ಪೈಪನ್ನು ಹಾಳುಬಾವಿಗೆ ಎಸೆದ. ಈಗಲೂ ಕಡಲೆ ಕಾಯಲು ಹೋಗುತ್ತೇನೆ, ಬರೀ ತಾಟು ಬಡಿಯುತ್ತೇವೆ. ಅವು ತಿನ್ನುತ್ತಲೇ ಇರುತ್ತವೆ, ನಾನು ಬೈಯುತ್ತಲೇ ಇರುತ್ತೇನೆ. ಆದರೆ ಅವು ತಲೆ ಬಗ್ಗಿಸಿ ಮೇಯುತ್ತಿರುವ ತನಕ ನನಗೆ ಸಮಾಧಾನ. ಒಂದಾದರೂ ತಲೆ ಎತ್ತಿ ಇತ್ತ ನೋಡಿತೋ, ತಾಟು ಕೆಳಗಿಟ್ಟು ಮೊದಲು ತಮ್ಮ ಎಲ್ಲಿದ್ದಾನೆಂದು ನೋಡುತ್ತೇನೆ.