ಹೈಸಾ ಅನ್ನದೆ ಏಳದ ಚೆಂಡು

ನಮ್ಮ ಮನೆಯವರಿಗೆ ಗಾಲ್ಫ್ ಅಂಟಿಕೊಂಡದ್ದು ಮಗಳ ನಿಶ್ಚಯದ ದಿನ, ಹೋಳಿಗೆ ಊಟದ ನಡುವೆ. ಬೀಗರಾಗುವವರು ಹಾನಗಲ್ ಕಡೆಯವರೇ. ಎಂಜಿನಿಯರ್ ಕೆಲಸದಿಂದ ನಿವೃತ್ತರಾಗಿ ಹುಬ್ಬಳ್ಳಿ ಸೇರಿದವರು. ನಾನು ತುಪ್ಪ ಬಡಿಸುತ್ತಿದ್ದಾಗ, "ನಾ ವಾರಕ್ಕೊಮ್ಮೆ ಗಾಲ್ಫ್ ಆಡ್ತೇನ್ರಿ" ಅಂದರು. ಶಿಗ್ಗಾಂವಿಯಲ್ಲಿ ಕಾಳಿನ ಅಂಗಡಿ ಇಟ್ಟಿರುವ ನನ್ನ ಗಂಡ, ಗಾಲ್ಫ್ ಕೋಲನ್ನು ಕನಸಿನಲ್ಲೂ ಮುಟ್ಟದವರು, "ನಾನೂ ಆಡ್ತೇನ್ರಿ" ಅಂದುಬಿಟ್ಟರು.

"ಹಂಗಾರ ದೀಪಾವಳಿ ಮುಗದ ಮ್ಯಾಲ ಕೂಡಿ ಆಡೂಣು ಬರ್ರಿ, ಬೀಗರ!"

ನನ್ನ ತುಪ್ಪ ಎಲೆ ಬಿಟ್ಟು ನೆಲಕ್ಕೆ ಬಿತ್ತು.

ಅಲ್ಲಿಂದ ಶುರು. ಎಲ್ಲಿಂದಲೋ ಹಳೆಯ ಕೋಲುಗಳ ಚೀಲ ತಂದರು. ಅಭ್ಯಾಸಕ್ಕೆ ಹಿರೇಬೆಂಡಿಗೇರಿಯ ನಮ್ಮ ಹೊಲ. ಗೋವಿನಜೋಳ ಕಿತ್ತು ಬಯಲಾಗಿತ್ತು. ರೊಟ್ಟಿ ಬಡಿದು ಮುಗಿಸಿ ನಾನೂ ಮಗಳೂ ಚೆಂಡು ಆರಿಸಲು ಹೋಗುತ್ತಿದ್ದೆವು. ಜೋರಾಗಿ ಬೀಸಿದರೆ ಚೆಂಡು ಪಕ್ಕದವರ ಹತ್ತಿಯೊಳಗೆ. ನೇರ ಹೋಗಲೆಂದು ಮೆಲ್ಲಗೆ ತಟ್ಟಿದರೆ ಲಿಂಬೆಹಣ್ಣಿನಂತೆ ಉರುಳಿ ಕಾಲಬುಡದಲ್ಲೇ ನಿಲ್ಲುತ್ತಿತ್ತು. ಬಲ ಬಂದರೆ ಗುರಿ ಇಲ್ಲ, ಗುರಿ ಬಂದರೆ ಬಲ ಇಲ್ಲ.

ಪಕ್ಕದ ಹೊಲದಾಕೆ ಸೆರಗಿನ ತುಂಬ ಚೆಂಡು ತಂದು ನನ್ನ ಮುಂದೆ ಸುರಿದಳು. "ಏನಬೇ ಅಕ್ಕಾ, ನಿಮ್ಮ ಸಾವ್ಕಾರ್ರು ನಮ್ಮ ಹತ್ತ್ಯಾಗ ಬಂದು ತತ್ತಿ ಇಡಾಕತ್ತಾರಲ್ಲ!"

ಮಗಳು ಮೊಬೈಲಿನಲ್ಲಿ ವಿಡಿಯೋ ಹಚ್ಚಿದಳು. ತೋಳಿನಿಂದ ಹೊಡೆಯಬಾರದು, ಮೊದಲು ಸೊಂಟ ತಿರುಗಬೇಕು, ಆಮೇಲೆ ಹೆಗಲು, ಕೈ ಎಲ್ಲಕ್ಕಿಂತ ಕಡೆಗೆ, ತಲೆ ಅಲುಗಬಾರದು. ಇವರು ಎಲ್ಲವನ್ನೂ ಒಟ್ಟಿಗೇ ತಿರುಗಿಸಿ, ಲುಂಗಿ ಸಮೇತ ಒಂದು ಸುತ್ತು ಬಂದು ನಿಂತರು.

"ಅಪ್ಪಾ, ಚೆಂಡು ಇಲ್ಲೇ ಐತಿ. ನೀ ಎಲ್ಲಿಗೆ ಹೊಂಟಿ?"

ಕೋಲು ಒಗೆದು ಬದುವಿನ ಮೇಲೆ ಕುಂತವರಿಗೆ ತಮ್ಮ ಹರೆಯ ನೆನಪಾಯಿತು. ಆಗ ಅವರೂ ಅವರ ಅಣ್ಣನೂ ಜೋಳದ ಚೀಲದ ಎರಡು ತುದಿ ಹಿಡಿದು, ತೂಗಿ, ಲಾರಿಗೆ ಎಸೆಯುತ್ತಿದ್ದರು. "ಹೈ" ಅಂದಾಗ ಚೀಲ ಅವಸರವಿಲ್ಲದೆ ಹಿಂದಕ್ಕೆ. "ಸಾ" ಅಂದಾಗ ಸೊಂಟ ತಿರುಗಿ, ಚೀಲ ಹೋಗಬೇಕಾದಲ್ಲಿಗೇ ಹೋಗಿ ಬೀಳುತ್ತಿತ್ತು. ತೋಳಿನಿಂದ ಜಗ್ಗಿದರೆ ಓರೆ. ಎದ್ದರು, ಕೋಲು ಹಿಡಿದರು, "ಹೈ... ಸಾ!" ಅಂದರು. ಚೆಂಡು ಹೊಲದ ಬಾವಿ ದಾಟಿ ದಾರ ಹಿಡಿದಂತೆ ನೇರ ಹೋಯಿತು.

ಆ ಸಂತೋಷಕ್ಕೆ ಒಂದೇ ಅಡ್ಡಿ. ಹೈಸಾ ಅಂತ ಒದರದೆ ಹೊಡೆದರೆ ಮತ್ತೆ ಹತ್ತಿಯೇ ಗತಿ.

"ಅಪ್ಪಾ, ಗಾಲ್ಫ್ ಮೈದಾನದಾಗ ಹೊಡಿಯೋ ಮುಂದ ಯಾರೂ ಪಿಟ್ಟ ಅನ್ನಂಗಿಲ್ಲ. ನನ್ನ ಮರ್ಯಾದಿ ಉಳಸು," ಅಂದಳು ಮಗಳು.

"ಮನಸಿನ್ಯಾಗ ಅಂತೇನಿ ಬಿಡವಾ."

ದೀಪಾವಳಿ ಮುಗಿದ ಮೇಲೆ ಎಲ್ಲರೂ ಹೋದೆವು. ಹುಬ್ಬಳ್ಳಿಯ ಆ ಮೈದಾನದಲ್ಲಿ ಹುಲ್ಲಿಗೂ ನಮ್ಮ ಮನೆಯ ಗಾದಿಗಿಂತ ಹೆಚ್ಚಿನ ಉಪಚಾರ. ಜನ ಆಸ್ಪತ್ರೆಯಲ್ಲಿದ್ದಂತೆ ಸದ್ದಿಲ್ಲದೆ ಓಡಾಡುತ್ತಿದ್ದರು. ಬೀಗರು ಬಿಳಿ ಟೊಪ್ಪಿಗೆ ಇಟ್ಟು ಸೊಗಸಾಗಿ ಹೊಡೆದರು. ಇವರ ಪಾಳಿ. ತುಟಿ ಬಿಗಿದು, ಕಣ್ಣರಳಿಸಿ, ಮನಸ್ಸಿನಲ್ಲೇ ಏನೋ ಅಂದುಕೊಂಡು ಬೀಸಿದರು. ಚೆಂಡು ಅಲ್ಲೇ ಇತ್ತು. ಒಂದು ಮಣ್ಣಿನ ಹೆಂಟೆ ಮಾತ್ರ ಹಾರಿ ಹೋಯಿತು.

"ಬಿತ್ತಗಿ ಮಾಡೋರೇನ್ರಿ, ಬೀಗರ?" ಅಂದು ಅವರು ನಕ್ಕರು. ಅಳಿಯನಾಗುವವನೂ ಕಿಸಕ್ಕಂದ. ಮಗಳು ತಲೆ ತಗ್ಗಿಸಿದಳು.

ನನಗೆ ತಡೆಯಲಾಗಲಿಲ್ಲ. "ಒದರ್ರಿ!" ಅಂದೆ. "ಒದರಿಕೊಂತನ ಹೊಡೀರಿ!"

"ಹೈಈಈ... ಸಾ!"

ಮರದಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದವು. ಚೆಂಡು ಬೀಗರ ಚೆಂಡನ್ನೂ ದಾಟಿ ಹುಲ್ಲಿನ ನಟ್ಟನಡುವೆ ಬಿತ್ತು. ದೂರದಲ್ಲಿ ಕೋಲು ಎತ್ತಿದ್ದವರೊಬ್ಬರು ಬೆಚ್ಚಿ ಗಾಳಿಗೆ ಹೊಡೆದರು. ಕಾವಲುಗಾರ ಓಡಿ ಬಂದು ಕೈಮುಗಿದು, "ಸರ್ ಸರ್, ಸ್ವಲ್ಪ ಸಾವಕಾಶ್ರಿ" ಅಂದ. ಇವರಿಗೆ ಯಾವ ಸಾವಕಾಶ! ಪಾಳಿ ಬಂದಾಗಲೆಲ್ಲ ಹೈಸಾ. ಆ ಒದರಾಟಕ್ಕೆ ಗುರಿ ತಪ್ಪಿ ಬೀಗರು ಅವತ್ತಿಡೀ ತಮ್ಮ ಚೆಂಡನ್ನು ಗಿಡಗಂಟಿಯಲ್ಲೇ ಹುಡುಕಿದರು. ಮಗಳೂ ಅಳಿಯನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದನ್ನು ನೋಡಿ ನನ್ನ ಜೀವ ಹಗುರಾಯಿತು.

ಎರಡು ದಿನ ಬಿಟ್ಟು ಬೀಗರ ಫೋನು ಬಂತು. ಮದುವೆಯ ಮುಹೂರ್ತದ ಮಾತೆಲ್ಲ ಚೊಲೋ ಮಾಡಿಯೇ ಆಡಿದರು. ಕಡೆಗೆ ಮಾತ್ರ ಗಂಟಲು ಸರಿಮಾಡಿಕೊಂಡು, "ಇನ್ನ ಮ್ಯಾಲ ಗಾಲ್ಫಿಗೆ ಬ್ಯಾಡ್ರಿ, ಬೀಗರ, ಊಟಕ್ಕ ಬರ್ರಿ" ಅಂದರು.

ನಮ್ಮ ಮನೆಯವರು ಫೋನಿಟ್ಟು ಮೀಸೆ ತಿರುವಿದರು. "ಅಂಜ್ಯಾನ ನೋಡು ಆ ಮನಷ್ಯಾ."