ರಗ್ನಾಳ ಮೂರು ದೀಪಗಳು

"ನೋಡು ಬೋರ್ಗಿಲ್ಡ್, ಕ್ರಿಸ್‌ಮಸ್ ಮರದ ಸುತ್ತ ಎಲ್ಲರೂ ಕೈ ಕೈ ಹಿಡ್ಕೊಂಡು ತಿರುಗ್ತೀವಲ್ಲ, ಕರೆಂಟ್ ಲೈನ್ ಅಂದ್ರೂ ಹಾಗೇನೇ. ಅಲ್ಲಿ ಆಗ್ಲೇ ಎಷ್ಟೋ ಜನರೇಟರು ಒಂದೇ ಹೆಜ್ಜೆಗೆ ತಿರುಗ್ತಿರ್ತವೆ. ನಮ್ಮ ನೀರಿನ ಜನರೇಟರು ಹೊಸದಾಗಿ ಸೇರೋಕೆ ಬಂದಿರೋದು. ಮೊದ್ಲು ಹೊರಗೆ ನಿಂತು ತಾನೊಂದೇ ತಿರುಗ್ಬೇಕು. ನೀರು ಜಾಸ್ತಿ ಬಿಟ್ರೆ ಓಡುತ್ತೆ, ಕಮ್ಮಿ ಬಿಟ್ರೆ ಕಾಲೆಳೆಯುತ್ತೆ. ಅವರ ಹೆಜ್ಜೆಗೆ ನಮ್ಮ ಹೆಜ್ಜೆ ಕೂತ ಕ್ಷಣಕ್ಕೆ ಸರಿಯಾಗಿ ಸ್ವಿಚ್ಚಿನ ಹಿಡಿ ಒತ್ತಬೇಕು. ಆಗ ಕೈಗೆ ಕೈ ಸೇರುತ್ತೆ, ಸೇರಿದ್ದೇ ಯಾರಿಗೂ ಗೊತ್ತಾಗಲ್ಲ. ಹೆಜ್ಜೆ ತಪ್ಪಿದಾಗ ನುಗ್ಗಿದ್ಯೋ, ನೀನೂ ಬೀಳ್ತೀಯ, ಪಕ್ಕದೋರನ್ನೂ ಬೀಳಿಸ್ತೀಯ. ಹೆಜ್ಜೆ ಕೂತಿದ್ಯಾ ಇಲ್ವಾ ಅಂತ ಹೇಳೋಕೆ ಮೂರು ದೀಪ ಇಟ್ಟಿರ್ತಾರೆ. ಹೊತ್ತಿ ಆರಿ, ಹೊತ್ತಿ ಆರಿ, ನಿಧಾನಕ್ಕೆ ಉಸಿರಾಡ್ತಿರ್ತವೆ. ಹುಟ್ಟಿದಾಗಿಂದ ಆ ಮೂರು ದೀಪ ನೋಡ್ಕೊಂಡೇ ಬೆಳೆದೋಳು ನಾನು. ಈಗ ಅವೇ ನನ್ನ ಮಾನ ಕಳೀತಿವೆ."

ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ರಗ್ನಾ ಇದನ್ನು ಹೇಳಿದ್ದು ನನ್ನ ಅಡುಗೆಮನೆಯಲ್ಲಿ. ಟ್ರೋಂಡ್‌ಹೈಮ್ ಪಟ್ಟಣದ ನಮ್ಮ ಮನೆಯ ಮೇಲಿನ ಕೋಣೆಗೆ ಆ ಶರತ್ಕಾಲದಲ್ಲಿ ಬಾಡಿಗೆಗೆ ಬಂದವಳು ಅವಳು. ವಯಸ್ಸು ನಲವತ್ತು ದಾಟಿತ್ತು. ದಕ್ಷಿಣದಲ್ಲಿ, ಬೆಟ್ಟಗಳ ನಡುವೆ ಕಡಲು ಒಳಚಾಚಿದ ಒಂದು ಫ್ಯೋರ್ಡಿನ ತುದಿಯಲ್ಲಿ ಅವಳ ಅಪ್ಪ ಸಣ್ಣ ಜಲವಿದ್ಯುತ್ ಕೇಂದ್ರ ನೋಡಿಕೊಳ್ಳುತ್ತಿದ್ದ. ಗೋಡೆಯಾಚೆ ಯಂತ್ರ ಗುಂಯ್‌ಗುಟ್ಟದಿದ್ದರೆ ಮಗು ರಗ್ನಾಳಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಅಪ್ಪನ ನಂತರ ಬೀಗದ ಕೈ ಅವಳ ಸೊಂಟಕ್ಕೆ ಬಂತು. ಅಲ್ಲಿಯ ಸಣ್ಣ ಕಂಪನಿಗಳೆಲ್ಲ ಒಂದಾದಾಗ ಹೊಸ ನಿಯಮವೂ ಬಂತು: ಕೇಂದ್ರದ ಹೊಣೆ ಹೊರುವವರು ವಿಶ್ವವಿದ್ಯಾಲಯದಲ್ಲಿ ಮೋಟಾರು ಮತ್ತು ಜನರೇಟರುಗಳ ಪಾಠ ಮುಗಿಸಿರಬೇಕು. ಪಾಸಾಗದಿದ್ದರೆ ಆ ಬೀಗದ ಕೈ ಪಟ್ಟಣದ ಯಾವನೋ ಒಬ್ಬನಿಗೆ, ಇವಳು ಮನೆಮನೆ ಮೀಟರು ನೋಡಿಕೊಂಡು ತಿರುಗಬೇಕು.

ಪುಸ್ತಕ ಅವಳಿಗೆ ಕಷ್ಟವಾಗಲಿಲ್ಲ. ಓದಿದ್ದನ್ನೆಲ್ಲ ನನಗೆ ಹೇಳುತ್ತಿದ್ದಳು, ನಾನು ಕಾಲುಚೀಲ ಹೆಣೆಯುತ್ತ ಕೇಳುತ್ತಿದ್ದೆ. ಅರ್ಥವಾಗದ ಕಡೆ ಸೂಜಿ ನಿಲ್ಲಿಸುತ್ತಿದ್ದೆ, ಅವಳು ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಿದ್ದಳು. ತೊಂದರೆ ಇದ್ದದ್ದು ಪ್ರಯೋಗಶಾಲೆಯಲ್ಲಿ. ಅಲ್ಲಿ ದೀಪಗಳು ಪೂರ್ತಿ ಆರಿದಾಗ ಹಿಡಿ ಒತ್ತಬೇಕು. ರಗ್ನಾಳ ಅಪ್ಪ ತನ್ನ ಕೇಂದ್ರದ ದೀಪಗಳ ತಂತಿಯನ್ನು ಅಡ್ಡಡ್ಡ ಜೋಡಿಸಿದ್ದ, ಅಲ್ಲಿ ಪೂರ್ತಿ ಹೊತ್ತಿದಾಗ ಒತ್ತಬೇಕು. "ಆರಿದ ದೀಪ ಸುಟ್ಟೇ ಹೋಗಿರಬಹುದು, ಹೊತ್ತಿರೋದನ್ನ ನಂಬು ಅಂತಿದ್ದ ಅಪ್ಪ," ಎಂದಳು ರಗ್ನಾ. "ತಲೆಗೆ ಎರಡೂ ಗೊತ್ತು. ಕೈಗೆ ಒಂದೇ ಗೊತ್ತು."

ಮೊದಲ ಸಲ ಡಬ್ ಎಂದಿತಂತೆ. ಕಾಪಾಡುವ ಸ್ವಿಚ್ಚು ಬಿದ್ದು ಇಡೀ ಪ್ರಯೋಗಶಾಲೆ ಕತ್ತಲು, ಹೊರಗಿನ ಪಡಸಾಲೆಯ ಕಾಫಿ ಯಂತ್ರವೂ ತಣ್ಣಗೆ. ಆ ತರಗತಿಯಲ್ಲಿ ಒಂದು ಪದ್ಧತಿ ಇತ್ತು: ಕರೆಂಟು ಬೀಳಿಸಿದವರು ಮರುದಿನ ಎಲ್ಲರಿಗೂ ಕೇಕ್ ತರಬೇಕು. ರಗ್ನಾ ತಂದಳು. ಮುಂದಿನ ವಾರ ಮತ್ತೆ ತಂದಳು. ಆಮೇಲೆ ಹುಡುಗರು ತಟ್ಟೆ ಮನೆಯಿಂದಲೇ ತರತೊಡಗಿದರಂತೆ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅವಳು ಮೊಟ್ಟೆ ಹುಡುಕಿದಳು.

"ಏನೇ, ಇವತ್ತೂ ಬೀಳಿಸಿದ್ಯಾ?" ಎಂದೆ.

"ಇಲ್ಲ. ನಾಳೆ ಬೀಳಿಸ್ತೀನಲ್ಲ, ಮುಂಚೇನೇ ಮಾಡಿಟ್ಕೋತೀನಿ."

"ಪರೀಕ್ಷೆಗೆ ಹೋಗೋರು ಇಂಥ ಮಾತಾಡ್ತಾರಾ? ಕೇಕು ತಿಂದು ತಿಂದು ಅವರಿಗೂ ಸಾಕಾಗಿರುತ್ತೆ. ವಾಫಲ್ ಹುಯ್ಯಿ."

ಎರಡು ಬಿಲ್ಲೆಗಳ ನಡುವೆ ಹಿಟ್ಟು ಒತ್ತಿ ಬೇಯಿಸುವ ನನ್ನ ಕರೆಂಟಿನ ವಾಫಲ್ ಕಾವಲಿ ಕೆಳಗಿಳಿಸಿಕೊಟ್ಟೆ. ಅದಕ್ಕೊಂದು ಕೆಂಪು ದೀಪ. ಹೊತ್ತಿದ್ದರೆ ಕಾವಲಿ ಇನ್ನೂ ಕಾಯುತ್ತಿದೆ, ಆರಿದರೆ ಕಾದಿದೆ, ಆಗ ಹಿಟ್ಟು ಹುಯ್ಯಬೇಕು. ರಗ್ನಾ ದೀಪ ಹೊತ್ತಿದ್ದಾಗಲೇ ಹುಯ್ದಳು. ಹಸಿ ಹಿಟ್ಟು ಎರಡೂ ಕಡೆ ಅಂಟಿಕೊಂಡಿತು. ಕೆರೆದು ತೆಗೆದು, ಮತ್ತೆ ಹೊತ್ತಿದ್ದಾಗಲೇ ಹುಯ್ದಳು.

"ಆರಲಿ ಬಿಡೇ, ಮಾರಾಯ್ತಿ. ನಿಮ್ಮಪ್ಪ ಇದರ ತಂತೀನೂ ಅಡ್ಡ ಹಾಕಿದ್ನಾ?"

ಅವಳು ಸೌಟು ಎತ್ತಿದವಳು ಹಾಗೇ ನಿಂತಳು. ದೀಪವನ್ನು ನೋಡಿದಳು, ಕೈಯನ್ನು ನೋಡಿಕೊಂಡಳು.

"ಬೋರ್ಗಿಲ್ಡ್, ಮನೇಲಿ ಹಿಟ್ಟು ಎಷ್ಟಿದೆ?"

"ನಿನ್ನ ತರಗತಿಗೆ ಸಾಕಾಗೋವಷ್ಟಿದೆ."

"ಸಾಲದು. ಈ ಬೀದಿಗೆಲ್ಲ ಸಾಕಾಗೋವಷ್ಟು ಬೇಕು."

ಆಮೇಲೆ ಸುಮ್ಮನೆ ಹುಯ್ದದ್ದೇ ಹುಯ್ದದ್ದು. ದೀಪ ಆರುವುದನ್ನು ಕಾಯುವುದು, ಆರಿದ ಕೂಡಲೇ ಕೈ ಇಳಿಸುವುದು. ಮೊದಮೊದಲು ತುಟಿ ಕಚ್ಚಿಕೊಂಡು ಮಾಡಿದಳು. ಹಾಲು ಮುಗಿದಾಗ ಎದುರು ಮನೆಯಿಂದ ಮಜ್ಜಿಗೆ ತಂದೆ, ಬದಲಿಗೆ ಒಂದು ತಟ್ಟೆ ವಾಫಲ್ ಕೊಟ್ಟು ಬಂದೆ. ಕೊನೆಕೊನೆಗೆ ಅವಳು ನನ್ನ ಜೊತೆ ಊರಿನವರ ಚಾಡಿ ಹೇಳುತ್ತಿದ್ದರೂ ದೀಪ ಆರಿದೊಡನೆ ಕೈ ತಾನಾಗಿ ಇಳಿಯುತ್ತಿತ್ತು.

ಮರುದಿನ ಡಬ್ಬಿ ಭಾರವಿತ್ತು, ನಾನೂ ಜೊತೆಗೆ ಹೋದೆ. ಪ್ರಯೋಗಶಾಲೆಯ ಬಾಗಿಲು ತೆರೆದಿತ್ತು, ಪಡಸಾಲೆಯ ಬೆಂಚಿನಲ್ಲಿ ಕೂತೆ. ಯಂತ್ರದ ಗುಂಯ್ ಸದ್ದು ಮೆಲ್ಲಗೆ ಏರಿತು. ಮೂರು ದೀಪಗಳು ಅವಳು ಹೇಳಿದಂತೆಯೇ ಉಸಿರಾಡುತ್ತಿದ್ದವು. ಹಿಂದೆ ನಿಂತಿದ್ದ ಒಬ್ಬ ಹುಡುಗ ಕಾಫಿ ಯಂತ್ರ ನಿಲ್ಲುವ ಮುಂಚೆಯೇ ಲೋಟ ತುಂಬಿಸಿಕೊಂಡು ಬಂದ.

"ಏನಪ್ಪಾ, ನನ್ನ ಮೇಲೆ ಅಷ್ಟು ನಂಬಿಕೆನಾ?" ಎಂದಳು ರಗ್ನಾ, ದೀಪದ ಮೇಲಿನ ಕಣ್ಣು ತೆಗೆಯದೆ.

ದೀಪ ಪೂರ್ತಿ ಹೊತ್ತಿತು. ಹಿಡಿಯ ಮೇಲಿದ್ದ ಅವಳ ಕೈ ಅಲುಗಿತು. ಆದರೆ ಅಲ್ಲೇ ಉಳಿಯಿತು. ದೀಪ ಮಂಕಾಯಿತು, ಇನ್ನೂ ಮಂಕಾಯಿತು, ಆರಿತು. ಕೈ ಇಳಿಯಿತು.

ಏನೂ ಆಗಲಿಲ್ಲ. ಡಬ್ ಎನ್ನಲಿಲ್ಲ, ಕತ್ತಲಾಗಲಿಲ್ಲ. ಯಂತ್ರ ಅದೇ ಸದ್ದಿನಲ್ಲಿ ತಿರುಗುತ್ತಿತ್ತು.

ಪಾಠ ಹೇಳುವ ಟೊರ್ಮೋಡ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಆರಿದಾಗ್ಲೇ ಯಾಕೆ ಒತ್ತಬೇಕು, ಹೇಳು."

"ಎರಡೂ ಕಡೆ ಹೆಜ್ಜೆ ಒಂದೇ ಆದಾಗ ನಡುವೆ ವ್ಯತ್ಯಾಸ ಇರಲ್ಲ, ದೀಪಕ್ಕೆ ಏನೂ ಸಿಗಲ್ಲ, ಆರುತ್ತೆ. ತಂತಿ ಅಡ್ಡ ಹಾಕಿದ್ರೆ ಅದೇ ಹೊತ್ತಿಗೆ ಪೂರ್ತಿ ಹೊತ್ತುತ್ತೆ. ನಮ್ಮಪ್ಪನ ಹಾಗೆ."

"ನಿಮ್ಮಪ್ಪನದೂ ಸರೀನೇ. ನಿನ್ನದೂ ಸರಿ. ಪಾಸು, ಹೋಗು."

ಹುಡುಗರ ಮುಖ ಇಳಿಯಿತು. "ಹಾಗಾದ್ರೆ ತಿನ್ನೋಕೆ ಏನೂ ಇಲ್ವಾ?" ಎಂದ ಲೋಟ ಹಿಡಿದವನು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಜೊತೆಗೆ ತಂದಿದ್ದ ಸಿಹಿ ಕಂದು ಚೀಸನ್ನು ತೆಳ್ಳಗೆ ಹೆರೆದು ವಾಫಲ್ ಮೇಲಿಟ್ಟು ಮೊದಲು ಮಡಚಿ ಬಾಯಿಗಿಟ್ಟುಕೊಂಡವರು ಮೇಷ್ಟ್ರೇ.

ಮನೆಗೆ ಬಂದ ಮೇಲೆ ರಗ್ನಾಳಿಗೆ ಹೊಸ ಚಿಂತೆ ಹತ್ತಿತು. "ಊರಿಗೆ ಹೋಗಿ ಅಲ್ಲಿ ಆರಿದಾಗ ಒತ್ತಿಬಿಟ್ರೆ?"

"ಕಣಿವೆಗೆಲ್ಲ ವಾಫಲ್ ಹಂಚು."

"ಬೇಡಮ್ಮ. ಹೋದ ತಕ್ಷಣ ಆ ತಂತಿ ಬಿಚ್ಚಿ ಇಲ್ಲಿ ಥರ ಹಾಕ್ತೀನಿ. ಅಪ್ಪ ಒಂದೆರಡು ದಿನ ಕನಸಲ್ಲಿ ಬಂದು ಬೈತಾನೆ, ಬೈಲಿ."

ಅವಳು ಪಾತ್ರೆ ಒರೆಸಲು ಬಟ್ಟೆ ತೆಗೆದುಕೊಂಡಳು. ನಾನು ಕಾವಲಿಯನ್ನು ತೆರೆದಿಟ್ಟು, ಗೆರೆಗಳ ಸಂದಿಯಲ್ಲಿ ಒಣಗಿ ಕೂತಿದ್ದ ಹಿಟ್ಟನ್ನು ಮರದ ಕಡ್ಡಿಯಿಂದ ಒಂದೊಂದಾಗಿ ಕೆದಕಿ ತೆಗೆಯುತ್ತ ಕೂತೆ.